ರೆಜಿಮೆಂಟ್ ಮೈದಾನದಿಂದ ಒಲಿಂಪಿಕ್ಸ್‌ವರೆಗೆ: ಭಾರತದ ಹಾಕಿಗೆ ಸೇನೆ ಕೊಟ್ಟಿದ್ದೇನು?

ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಅದು ಹಾಕಿ ಮಾಂತ್ರಿಕ ಮೇಜರ್ ಧ್ಯಾನ್ ಚಂದ್ ಅವರ ಜನ್ಮದಿನ ಎಂಬುದು ಬಹುತೇಕರಿಗೆ ಗೊತ್ತು. ಆದರೆ ಸೇನೆಗೆ ಸೇರುವ ಮೊದಲು ಅವರು ಹಾಕಿಯನ್ನು ಗಂಭೀರವಾಗಿ ಆಡಿದವರೇ ಅಲ್ಲ. ಭಾರತದ ಹಾಕಿಯಲ್ಲಿ ಸೇನೆಯ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಹಾಕಿ ಬಂದಿದ್ದು ಹೇಗೆ?

ಆಧುನಿಕ ಹಾಕಿಯನ್ನು ಭಾರತಕ್ಕೆ ತಂದವರು ಬ್ರಿಟಿಷರು. ಕಲ್ಕತ್ತಾದಲ್ಲಿ 1895ರಲ್ಲಿ ಬೈಟನ್ ಕಪ್, ಮರುವರ್ಷ ಬಾಂಬೆಯಲ್ಲಿ ಆಗಾ ಖಾನ್ ಟೂರ್ನಿ ಆರಂಭವಾದವು. ಕಂಟೋನ್ಮೆಂಟ್‌ಗಳಲ್ಲಿ ಆಟ ಬೇಗ ಬೇರೂರಿತು. ಪೋಲೊ ಆಡಲು ಕುದುರೆ ಬೇಕು, ಅದು ಅಧಿಕಾರಿಗಳ ಆಟ. ಹಾಕಿಗೆ ಸ್ಟಿಕ್, ಚೆಂಡು ಮತ್ತು ಸಮತಟ್ಟಾದ ಮೈದಾನ ಇದ್ದರೆ ಸಾಕು. ಹೀಗಾಗಿ ಸಾಮಾನ್ಯ ಸಿಪಾಯಿಗೂ ಅದು ಎಟುಕುತ್ತಿತ್ತು. ರೆಜಿಮೆಂಟ್‌ಗಳ ನಡುವಿನ ಪಂದ್ಯಗಳು ಪ್ರತಿಷ್ಠೆಯ ವಿಷಯವಾದವು.

ಸಿಪಾಯಿ ಕಲಿತ ಆಟ

ಧ್ಯಾನ್ ಚಂದ್ 1922ರಲ್ಲಿ ಫಸ್ಟ್ ಬ್ರಾಹ್ಮಿನ್ಸ್ ರೆಜಿಮೆಂಟ್‌ಗೆ ಸಿಪಾಯಿಯಾಗಿ ಸೇರಿದರು. ಅಲ್ಲಿ ಸುಬೇದಾರ್ ಮೇಜರ್ ಬಾಲೆ ತಿವಾರಿ ಅವರಿಗೆ ಆಟದ ಪಾಠ ಹೇಳಿಕೊಟ್ಟರು. 1926ರವರೆಗೆ ಅವರು ಆಡಿದ್ದು ಸೇನಾ ಟೂರ್ನಿಗಳು ಮತ್ತು ರೆಜಿಮೆಂಟ್ ಪಂದ್ಯಗಳಲ್ಲಿ ಮಾತ್ರ.

ಆ ವರ್ಷ ಭಾರತೀಯ ಸೇನಾ ತಂಡ ನ್ಯೂಜಿಲೆಂಡ್ ಪ್ರವಾಸ ಕೈಗೊಂಡಿತು. ಆಡಿದ 21 ಪಂದ್ಯಗಳಲ್ಲಿ 18 ಗೆಲುವು, 2 ಡ್ರಾ, ಒಂದೇ ಸೋಲು. ಊರಿಗೆ ಮರಳಿದ ಬಳಿಕ ಧ್ಯಾನ್ ಚಂದ್ ಅವರಿಗೆ ಲ್ಯಾನ್ಸ್ ನಾಯಕ್ ಆಗಿ ಬಡ್ತಿ ಸಿಕ್ಕಿತು. ಆದರೆ ಬಡ್ತಿಗಿಂತ ದೊಡ್ಡ ಅನುಭವ ಇನ್ನೊಂದಿತ್ತು. ಕೆಳದರ್ಜೆಯ ಸೈನಿಕರಾದ ತಮ್ಮನ್ನು ಅಲ್ಲಿನ ಸಮಾರಂಭಗಳಲ್ಲಿ ಸಮಾನರಂತೆ ಸತ್ಕರಿಸಿದ್ದು ಕನಸಿನಲ್ಲೂ ನೆನೆಯದ ಸಂಗತಿ ಎಂಬ ಅರ್ಥದಲ್ಲಿ ಅವರು ಆತ್ಮಕಥೆ ‘ಗೋಲ್’ನಲ್ಲಿ ಸ್ಮರಿಸಿದ್ದಾರೆ.

ಅವಕಾಶವೂ ಸೇನೆಯದ್ದೇ, ಅಡ್ಡಿಯೂ ಸೇನೆಯದ್ದೇ

1928ರ ಒಲಿಂಪಿಕ್ಸ್‌ಗೆ ತಂಡ ಆರಿಸಲು ಕಲ್ಕತ್ತಾದಲ್ಲಿ ಅಂತರ ಪ್ರಾಂತೀಯ ಟೂರ್ನಿ ನಡೆಯಿತು. ಸೇನೆಯ ಅನುಮತಿ ಪಡೆದು ಧ್ಯಾನ್ ಚಂದ್ ಯುನೈಟೆಡ್ ಪ್ರಾವಿನ್ಸಸ್ ಪರ ಆಡಿದರು. ಆ ತಂಡವೇ ಪ್ರಶಸ್ತಿ ಗೆದ್ದಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತ ಒಂದೂ ಗೋಲು ಬಿಟ್ಟುಕೊಡದೆ ಚಿನ್ನ ಗೆದ್ದಾಗ, ಅವರೊಬ್ಬರೇ 14 ಗೋಲು ಹೊಡೆದಿದ್ದರು.

ಆದರೂ ಮುಂದಿನ ಒಲಿಂಪಿಕ್ಸ್ ಆಯ್ಕೆಯ ಹೊತ್ತಿಗೆ ಅದೇ ಸೇನೆಯ ತುಕಡಿ ಅವರಿಗೆ ರಜೆ ಕೊಡಲಿಲ್ಲ. ಹಾಕಿ ಫೆಡರೇಷನ್ ಆಯ್ಕೆ ಪಂದ್ಯಗಳಿಲ್ಲದೆಯೇ ಅವರನ್ನು 1932ರ ತಂಡಕ್ಕೆ ಸೇರಿಸಿಕೊಂಡಿತು. ವಿಶ್ವವೇ ಕೊಂಡಾಡುತ್ತಿದ್ದ ಆಟಗಾರ ತನ್ನ ತುಕಡಿಯಲ್ಲಿ ಇನ್ನೂ ರಜೆ ಕೇಳಿ ಕಾಯಬೇಕಾದ ಸೈನಿಕ. ಅಷ್ಟು ಹೆಸರಿಲ್ಲದ ಸಿಪಾಯಿಗೆ ರಜೆ ನಿರಾಕರಿಸಿದ್ದರೆ, ಅವನ ಆಟ ಅಲ್ಲಿಗೇ ಮುಗಿಯುತ್ತಿತ್ತು.

ಕೊಡಗಿನ ನಂಟು

ಸ್ವಾತಂತ್ರ್ಯದ ನಂತರವೂ ಸೇನೆಯ ಮೂಲಕ ರಾಷ್ಟ್ರೀಯ ತಂಡ ಸೇರುವ ದಾರಿ ಮುಚ್ಚಲಿಲ್ಲ. ಕೊಡಗಿನ ಎಂ.ಪಿ. ಗಣೇಶ್ ಸೇನೆಗೆ ಸೇರಿ, ಸರ್ವಿಸಸ್ ತಂಡದಲ್ಲಿ ಆಡಿ, 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾದರು. ತಂಡ ಬೆಳ್ಳಿ ಗೆದ್ದಿತು. ಇನ್ನು, ಸಿಪಾಯಿಯಾಗಿ ಸೇರಿದ ಧ್ಯಾನ್ ಚಂದ್ ನಿವೃತ್ತರಾದದ್ದು ಮೇಜರ್ ಆಗಿ. ಇಂದಿಗೂ ಅವರ ಹೆಸರಿನ ಹಿಂದೆ ಆ ಸೇನಾ ಪದವಿ ಉಳಿದುಕೊಂಡಿದೆ.