ಹಿರಿಯರ ನಾಡಿ ಹಿಡಿಯುವವರು ಯಾರು?

ಅಡಿಕೆ ತೋಟದ ನಡುವೆ ಒಂದು ಹಂಚಿನ ಮನೆ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ, ಜಗಲಿಯಲ್ಲಿ ಎಪ್ಪತ್ತೈದು ದಾಟಿದ ಅಜ್ಜ, ಒಳಗೆ ಮಂಡಿನೋವಿನ ಅಜ್ಜಿ. ಮಗ ಬೆಂಗಳೂರಿನಲ್ಲಿ, ಮಗಳು ವಿದೇಶದಲ್ಲಿ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಯಾವ ಊರಿಗೆ ಹೋದರೂ ಕಾಣಸಿಗುವ ಚಿತ್ರವಿದು. ಅಜ್ಜನಿಗೆ ಬಿ.ಪಿ. ಇದೆ, ಸಕ್ಕರೆ ಕಾಯಿಲೆಯೂ ಇದೆ. ಊರಿನ ವೈದ್ಯರು ಬರೆದುಕೊಟ್ಟ ಮದ್ದು ಒಂದು ಡಬ್ಬಿಯಲ್ಲಿ, ಮಂಗಳೂರಿನ ತಜ್ಞರು ಬರೆದುಕೊಟ್ಟದ್ದು ಇನ್ನೊಂದು ಡಬ್ಬಿಯಲ್ಲಿ. ಅಜ್ಜಿಯ ಮಂಡಿನೋವಿಗೆಂದು ಅಂಗಡಿಯಿಂದ ತಂದ ಮಾತ್ರೆಯನ್ನು ಸೊಂಟ ಹಿಡಿದಾಗ ಅಜ್ಜನೂ ನುಂಗುತ್ತಾರೆ. ಇವೆಲ್ಲ ಸೇರಿ ದೇಹದೊಳಗೆ ಏನು ಮಾಡುತ್ತಿವೆ ಎಂದು ಒಟ್ಟಾಗಿ ನೋಡುವವರು ಯಾರೂ ಇಲ್ಲ.

ಒಂದು ದಿನ ಮುಂಜಾನೆ ಹಾಸಿಗೆಯಿಂದ ಎದ್ದ ಅಜ್ಜ ತಲೆ ತಿರುಗಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುತ್ತದೆ. 'ವಯಸ್ಸಾಯಿತಲ್ಲ, ಬೀಳುವುದು ಸಹಜ' ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಮುರಿದ ಮೂಳೆ ಸರಿಪಡಿಸಲು ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಪುತ್ತೂರಿನಲ್ಲಿ ಆಸ್ಪತ್ರೆಗಳಿವೆ, ಮಂಗಳೂರಂತೂ ಇದ್ದೇ ಇದೆ. ಇಲ್ಲದಿರುವುದು ಬೀಳುವ ಮೊದಲೇ ಮನೆಗೆ ಬಂದು ನೋಡುವ ಕಣ್ಣು. ಅಜ್ಜನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ಅಳೆದಿದ್ದರೆ ಈ ಬೀಳುವಿಕೆಯ ಮುನ್ಸೂಚನೆ ಸಿಗುತ್ತಿತ್ತು.

ಈ ಕೆಲಸಕ್ಕೆಂದೇ ತರಬೇತಾದ ಒಂದು ವರ್ಗ ಜಗತ್ತಿನ ಕೆಲವು ದೇಶಗಳಲ್ಲಿದೆ. ಅವರೇ ನರ್ಸ್ ಪ್ರಾಕ್ಟೀಷನರ್‌ಗಳು.

ವೈದ್ಯರೂ ಅಲ್ಲ, ಬರೇ ದಾದಿಯೂ ಅಲ್ಲ

1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ಹಳ್ಳಿಗಾಡಿನ ಮಕ್ಕಳಿಗೆ ವೈದ್ಯರು ಸಿಗುತ್ತಿರಲಿಲ್ಲ. ಅನುಭವವುಳ್ಳ ನರ್ಸ್‌ಗೆ ಹೆಚ್ಚಿನ ವಿದ್ಯೆ ಕೊಟ್ಟರೆ ಸಾಮಾನ್ಯ ಕಾಯಿಲೆಗಳನ್ನು ಅವರೇ ನೋಡಿಕೊಳ್ಳಬಲ್ಲರು ಎಂಬುದು ಅವರ ವಿಚಾರ. ಮಕ್ಕಳಿಂದ ಆರಂಭವಾದ ಈ ಶಿಕ್ಷಣ ಮುಂದೆ ಹಲವು ಕವಲುಗಳಾಗಿ ಬೆಳೆಯಿತು. ಅದರಲ್ಲಿ ಒಂದು ಕವಲು ವಯಸ್ಕರು ಮತ್ತು ವೃದ್ಧರ ಪ್ರಾಥಮಿಕ ಆರೈಕೆ. ವಯಸ್ಕರಿಗೆ ಬೇರೆ, ವೃದ್ಧರಿಗೆ ಬೇರೆ ಎಂದು ಇದ್ದ ತರಬೇತಿಗಳನ್ನು ಒಂದುಗೂಡಿಸಲು ಅಮೆರಿಕದಲ್ಲಿ 2008ರಲ್ಲಿ ತೀರ್ಮಾನವಾಯಿತು. ಇಂದಿನ ನಡುವಯಸ್ಸಿನ ರೋಗಿಯೇ ನಾಳಿನ ವೃದ್ಧ ರೋಗಿ ತಾನೇ? ಲೊರೆಟ್ಟಾ ಫೋರ್ಡ್ ತಮ್ಮ 104ನೆಯ ವಯಸ್ಸಿನಲ್ಲಿ, 2025ರ ಜನವರಿಯಲ್ಲಿ ತೀರಿಕೊಂಡರು.

ಈ ಪದವಿಗೆ ಸೇರುವವರು ಮೊದಲೇ ನರ್ಸಿಂಗ್ ಪದವಿ ಪಡೆದು ನೋಂದಾಯಿತರಾಗಿರಬೇಕು. ಸ್ನಾತಕೋತ್ತರ ಹಂತದಲ್ಲಿ ಅವರು ಮುಖ್ಯವಾಗಿ ಮೂರು ವಿಷಯಗಳನ್ನು ಆಳವಾಗಿ ಕಲಿಯುತ್ತಾರೆ: ಕಾಯಿಲೆಯಲ್ಲಿ ದೇಹದ ವ್ಯಾಪಾರ ಹೇಗೆ ಕೆಡುತ್ತದೆ, ಮದ್ದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ, ರೋಗಿಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸುವುದು ಹೇಗೆ. ಜೊತೆಗೆ ನೂರಾರು ಗಂಟೆಗಳ ಕಾಲ ಅನುಭವಿಗಳ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಬೇಕು. ಯಾವುದು ತನ್ನ ಕೈಯಲ್ಲಿ ಆಗುತ್ತದೆ, ಯಾವುದನ್ನು ತಕ್ಷಣ ವೈದ್ಯರಿಗೆ ಕಳುಹಿಸಬೇಕು ಎಂಬ ವಿವೇಚನೆಯೇ ಈ ಶಿಕ್ಷಣದ ತಿರುಳು.

ಮುಪ್ಪಿನ ದೇಹದ ವಿಜ್ಞಾನ

ವೃದ್ಧರಿಗೆ ಪ್ರತ್ಯೇಕ ತರಬೇತಿ ಏಕೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಗೆ ಬರಬಹುದು. ಮತ್ತೆ ಜಗಲಿಯ ಅಜ್ಜನನ್ನೇ ನೋಡೋಣ. ಗುಡ್ಡದ ಮೇಲಿನ ಟ್ಯಾಂಕಿಗೆ ನೀರೇರಿಸಲು ಪಂಪಿಗೆ ಹೆಚ್ಚು ಒತ್ತಡ ಬೇಕಷ್ಟೇ? ಮಲಗಿದವರು ಎದ್ದು ನಿಂತಾಗಲೂ ಹಾಗೆಯೇ. ತಲೆ ಒಮ್ಮೆಲೇ ಹೃದಯಕ್ಕಿಂತ ಮೇಲಾಗುತ್ತದೆ. ಯುವಕರಲ್ಲಿ ರಕ್ತನಾಳಗಳು ತಕ್ಷಣ ಬಿಗಿದು ಒತ್ತಡವನ್ನು ಸರಿಹೊಂದಿಸುತ್ತವೆ. ಮುಪ್ಪಿನಲ್ಲಿ ಈ ಹೊಂದಾಣಿಕೆ ನಿಧಾನ. ಬಿ.ಪಿ. ಮಾತ್ರೆ ಹೆಚ್ಚಾದರೆ ಇನ್ನೂ ನಿಧಾನ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದು ಎಚ್ಚರಿಕೆಯ ಗಂಟೆ.

ಇನ್ನು ಮೂತ್ರಪಿಂಡ. ವಯಸ್ಸಾದಂತೆ ಅದರ ಸೋಸುವ ಶಕ್ತಿ ಸಾಮಾನ್ಯವಾಗಿ ಕುಗ್ಗುತ್ತದೆ. ಅದರ ಮೂಲಕ ಹೊರಹೋಗಬೇಕಾದ ಮದ್ದು ದೇಹದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಮೂವತ್ತರ ಮಗನಿಗೆ ಸರಿಹೋಗುವ ಪ್ರಮಾಣ ತಂದೆಗೆ ಹೆಚ್ಚಾಗಬಹುದು. ಇದರಲ್ಲೊಂದು ಮೋಸವೂ ಇದೆ. ರಕ್ತದಲ್ಲಿನ ಕ್ರಿಯಾಟಿನಿನ್ ನೋಡಿ ಮೂತ್ರಪಿಂಡದ ಸ್ಥಿತಿ ಅಂದಾಜಿಸುತ್ತಾರೆ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಸ್ನಾಯು ಕರಗಿದ ಸಣಕಲು ಅಜ್ಜಿಯಲ್ಲಿ ಮೂತ್ರಪಿಂಡ ಸೊರಗಿದ್ದರೂ ವರದಿಯ ಅಂಕಿ 'ಸರಿಯಾಗಿದೆ' ಎಂದೇ ತೋರಬಹುದು! ಹೀಗಿರುವಾಗ ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಆಗುವ ಹಾನಿ ಬೇಗ ಕಣ್ಣಿಗೆ ಬೀಳುವುದಿಲ್ಲ.

ಕಾಯಿಲೆಯ ಲಕ್ಷಣಗಳೂ ಬೇರೆ. ನ್ಯುಮೋನಿಯಾ ಆದ ಎಂಬತ್ತರ ಹಿರಿಯರಿಗೆ ಜ್ವರವೇ ಬಾರದಿರಬಹುದು. ಊಟ ಬೇಡವೆನ್ನುವುದು, ಮನೆಯವರನ್ನು ಗುರುತಿಸಲು ತಡವರಿಸುವುದು ಮಾತ್ರ ಕಾಣಬಹುದು. ಸಕ್ಕರೆ ಕಾಯಿಲೆಯವರಿಗೆ ಎದೆನೋವಿಲ್ಲದೆಯೂ ಹೃದಯಾಘಾತ ಆಗಬಹುದು. 'ಅಜ್ಜನಿಗೆ ಅರುಳುಮರುಳು' ಎಂದು ಮನೆಯವರು ತಳ್ಳಿಹಾಕುವುದನ್ನು ತರಬೇತಾದ ಕಣ್ಣು ಕಾಯಿಲೆಯೆಂದು ಗುರುತಿಸುತ್ತದೆ.

ನಮ್ಮ ದೇಶದಲ್ಲಿ ಏನಿದೆ?

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ದೇಶದ ಸರಾಸರಿ ಶೇ. 8.6 ಆಗಿದ್ದರೆ ಕರ್ನಾಟಕದಲ್ಲಿ ಅದು ಶೇ. 9.5. ಹೀಗಿದ್ದರೂ ಅಮೆರಿಕದಲ್ಲಿರುವಂತೆ ವಯಸ್ಕರ ಮತ್ತು ವೃದ್ಧರ ಪ್ರಾಥಮಿಕ ಆರೈಕೆಗೆ ಮೀಸಲಾದ ನರ್ಸ್ ಪ್ರಾಕ್ಟೀಷನರ್ ವರ್ಗ ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಇನ್ನೂ ಬೇರೂರಿಲ್ಲ. ಅದರ ಸಮೀಪದ ಹಾದಿಗಳು ಮಾತ್ರ ತೆರೆದಿವೆ.

2017ರ ರಾಷ್ಟ್ರೀಯ ಆರೋಗ್ಯ ನೀತಿ ನರ್ಸ್ ಪ್ರಾಕ್ಟೀಷನರ್ ವರ್ಗ ಬೇಕೆಂದು ಹೇಳಿತು. ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಆಗಲು ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿದೆ. ಇದರಲ್ಲಿ ಪಾಠಕ್ಕಿಂತ ರೋಗಿಯ ಹಾಸಿಗೆಯ ಬಳಿಯ ಕಲಿಕೆಯೇ ಹೆಚ್ಚು. ಪ್ರಾಥಮಿಕ ಆರೋಗ್ಯಕ್ಕೆ ಸಂಬಂಧಿಸಿದ ಪಠ್ಯಕ್ರಮವನ್ನೂ ಪರಿಷತ್ತು ಸಿದ್ಧಪಡಿಸಿದೆ. ಹೆರಿಗೆ ಆರೈಕೆಗೆಂದು 18 ತಿಂಗಳ ತರಬೇತಿಯ ಮಾರ್ಗಸೂಚಿಯನ್ನು ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿತು. ಒಂದು ವರ್ಷದ ವೃದ್ಧರ ಶುಶ್ರೂಷಾ ಡಿಪ್ಲೊಮಾ ಕೂಡ ಪರಿಷತ್ತಿನ ಪಟ್ಟಿಯಲ್ಲಿದೆ.

ಹಳ್ಳಿಯ ಮಟ್ಟದಲ್ಲಿ ಈ ಕೆಲಸಕ್ಕೆ ಅತ್ಯಂತ ಹತ್ತಿರವಿರುವವರು ಸಮುದಾಯ ಆರೋಗ್ಯ ಅಧಿಕಾರಿಗಳು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದವು. 2023ರ ಬಳಿಕ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಬಿ.ಎಸ್ಸಿ. ನರ್ಸಿಂಗ್ ಮುಂತಾದ ಶಿಕ್ಷಣ ಪಡೆದವರು ಆರು ತಿಂಗಳ ಹೆಚ್ಚುವರಿ ತರಬೇತಿಯೊಂದಿಗೆ ಇಲ್ಲಿಗೆ ಬಂದರು; ಈಗ ಆ ಪಾಠವನ್ನು ನರ್ಸಿಂಗ್ ಪದವಿಯಲ್ಲೇ ಅಳವಡಿಸಲಾಗಿದೆ. 30 ದಾಟಿದವರ ಬಿ.ಪಿ., ಸಕ್ಕರೆ, ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇವರ ಹೊಣೆ. ವೈದ್ಯರು ಬರೆದ ಮದ್ದನ್ನು ತಿಂಗಳು ತಿಂಗಳು ಕೊಡುವುದು, ಅಗತ್ಯಬಿದ್ದರೆ ದೂರವಾಣಿ ಪರದೆಯ ಮೂಲಕ ವೈದ್ಯರ ಸಲಹೆ ಕೊಡಿಸುವುದೂ ಇದೆ. ಇಲ್ಲಿ ಸಿಗಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಸೇರಿದೆ. ಆದರೆ ಈ ಹುದ್ದೆಗಳು ಬಹುತೇಕ ಗುತ್ತಿಗೆ ಆಧಾರದವು ಎಂಬುದನ್ನೂ ಹೇಳಲೇಬೇಕು.

ಗಡಿಯಾಚೆಯ ಪಾಠ

ಮನೆಬಾಗಿಲಿಗೆ ಬರುವ ದಾದಿ ಕನಸಿನ ಮಾತಲ್ಲ. ಸುಳ್ಯದ ಗಡಿ ದಾಟಿದರೆ ಸಿಗುವ ಕೇರಳದಲ್ಲಿ ಇದು ನಡೆಯುತ್ತಿದೆ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಸಣ್ಣದಾಗಿ ಆರಂಭವಾದ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯ ಕೆಲಸ ಊರೂರಿಗೆ ಹಬ್ಬಿತು. 2008ರಲ್ಲಿ ಆ ರಾಜ್ಯ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಪಂಚಾಯತಿನ ಬೆಂಬಲದಿಂದ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ, ಹುಣ್ಣಿಗೆ ಮದ್ದು ಕಟ್ಟುತ್ತಾರೆ, ಮನೆಯವರಿಗೆ ಆರೈಕೆ ಕಲಿಸುತ್ತಾರೆ. ಊರಿನ ಸ್ವಯಂಸೇವಕರು ಜೊತೆಗೂಡುತ್ತಾರೆ.

ಈ ಮೂರು ತಾಲೂಕುಗಳಿಗೆ ಇನ್ನೊಂದು ಕಾರಣಕ್ಕೂ ಇಂಥವರು ಬೇಕು. ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನ ನೋವು ಈ ಭಾಗದ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷಕ್ಕೆ ತಡೆ ಹಾಕಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಕಡಬ ತಾಲೂಕಿನ ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ಬಂದವು. ಅಂದು ಮಕ್ಕಳಾಗಿದ್ದ ಸಂತ್ರಸ್ತರು ಇಂದು ವಯಸ್ಕರು. ಅವರನ್ನು ಎತ್ತಿ ಆಡಿಸಿದ ತಾಯಂದಿರು ಇಂದು ವೃದ್ಧರು. ಒಂದೇ ಮನೆಯಲ್ಲಿ ಇಬ್ಬರಿಗೂ ಆರೈಕೆ ಬೇಕು. ಮಾಡುವ ಕೈಗಳು ಸೋತಿವೆ.

ಪಿ.ಯು.ಸಿ. ಬಳಿಕದ ಹಾದಿ

ಈ ಹಾದಿ ಹಿಡಿಯಲು ಮೊದಲ ಮೆಟ್ಟಿಲು ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು; ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು. ಮೂರು ವರ್ಷಗಳ ಜಿ.ಎನ್.ಎಂ. ಮಾಡಿದವರು ಮತ್ತೆ ಎರಡು ವರ್ಷ ಓದಿ ಪದವಿ ಪಡೆಯಬಹುದು. ಬಳಿಕ ಎರಡು ವರ್ಷಗಳ ಎಂ.ಎಸ್ಸಿ. ನರ್ಸಿಂಗ್, ಅದಕ್ಕೆ ಪದವಿಯಲ್ಲಿ ಶೇ. 55 ಅಂಕ ಮತ್ತು ಒಂದು ವರ್ಷದ ಅನುಭವ ಬೇಕು. ವೃದ್ಧರ ಆರೈಕೆಯಲ್ಲಿ ಆಸಕ್ತಿಯುಳ್ಳವರಿಗೆ ಅದರ ಐದು ವಿಭಾಗಗಳಲ್ಲಿ ಸಮುದಾಯ ಆರೋಗ್ಯ ಅಥವಾ ವೈದ್ಯಕೀಯ-ಶಸ್ತ್ರಚಿಕಿತ್ಸಾ ಶುಶ್ರೂಷೆ ಒಪ್ಪುವಂಥವು. ಸುಳ್ಯದಲ್ಲೂ ಮಂಗಳೂರಿನಲ್ಲೂ ನರ್ಸಿಂಗ್ ಕಾಲೇಜುಗಳಿರುವುದರಿಂದ ಕಲಿಯಲು ದೂರ ಹೋಗಬೇಕಾಗಿಲ್ಲ. ಕಾಲೇಜಿಗೆ ವಿಶ್ವವಿದ್ಯಾಲಯದ ಸಂಯೋಜನೆ ಹಾಗೂ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ರೋಗಿಗಳು ಬರುವ ಸ್ವಂತ ಆಸ್ಪತ್ರೆ ಇದೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಬೇಕು.

ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಬಯಸುವವರು ಮೊದಲು ಎನ್‌ಕ್ಲೆಕ್ಸ್ ಪರೀಕ್ಷೆ ಮುಗಿಸಿ ಅಲ್ಲಿ ನೋಂದಾಯಿತ ನರ್ಸ್ ಆಗಬೇಕು. ಆಮೇಲೆ ಅಲ್ಲಿನ ಸ್ನಾತಕೋತ್ತರ ಪದವಿ, ಅದರ ಮೇಲೆ ಪ್ರಮಾಣೀಕರಣ ಪರೀಕ್ಷೆ. ಇಲ್ಲಿನ ಎಂ.ಎಸ್ಸಿ. ಮಾಡಿದೊಡನೆ ಅಲ್ಲಿ ಆ ಹುದ್ದೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು.

ಹೆತ್ತವರಿಗೊಂದು ಮಾತು

'ಅಂಕ ಕಡಿಮೆ ಬಂತು, ಇನ್ನು ನರ್ಸಿಂಗಿಗಾದರೂ ಹಾಕೋಣ' ಎಂಬ ಮಾತು ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. 'ನರ್ಸಿಂಗಿಗಾದರೂ' ಎಂಬ ಆ ಒಂದು ಪದದಲ್ಲಿ ಒಂದು ವೃತ್ತಿಯ ಬಗ್ಗೆ ಸಮಾಜಕ್ಕಿರುವ ತಾತ್ಸಾರವೆಲ್ಲ ಅಡಗಿದೆ. ಮದ್ದಿನ ಪ್ರಮಾಣ ಲೆಕ್ಕಹಾಕಲು ಗಣಿತ ಬೇಕು, ಕಾಯಿಲೆ ಅರಿಯಲು ಜೀವಶಾಸ್ತ್ರ ಬೇಕು, ಹಾಸಿಗೆ ಹಿಡಿದವರ ಮಲಮೂತ್ರ ತೆಗೆಯಲು ಇವೆರಡಕ್ಕಿಂತ ದೊಡ್ಡದೊಂದು ಮನಸ್ಸು ಬೇಕು. ಆ ಮನಸ್ಸಿಲ್ಲದ ಮಗುವನ್ನು ವಿದೇಶದ ಸಂಬಳದ ಆಸೆಗೆ ತಳ್ಳುವುದು ಆ ಮಗುವಿಗೂ ಅನ್ಯಾಯ, ರೋಗಿಗೂ ಅನ್ಯಾಯ. ಇರುವ ಮಗುವನ್ನು, ಅದು ಗಂಡಾಗಲಿ ಹೆಣ್ಣಾಗಲಿ, 'ಮರ್ಯಾದೆಯ ಕೆಲಸವಲ್ಲ' ಎಂದು ತಡೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಕಲಿತವರು ವಿದೇಶಕ್ಕೆ ಹೋಗುವುದನ್ನು ದೂರಿ ಪ್ರಯೋಜನವಿಲ್ಲ. ಕಲಿತ ವಿದ್ಯೆಗೆ ತಕ್ಕ ಅಧಿಕಾರ, ಭದ್ರವಾದ ಹುದ್ದೆ, ಬದುಕಲು ಸಾಲುವ ಸಂಬಳ ಊರಿನಲ್ಲೇ ಸಿಕ್ಕಿದರೆ ಉಳಿಯುವವರೂ ಇರುತ್ತಾರೆ. ಅದು ಸರಕಾರ ಮಾಡಬೇಕಾದ ಕೆಲಸ. ಅಲ್ಲಿಯವರೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದೇ ಮಾಡಬಹುದಾದ ಕೆಲಸವೊಂದಿದೆ. ಮನೆಯ ಅಜ್ಜ ಅಜ್ಜಿಯ ಮದ್ದುಗಳನ್ನೆಲ್ಲ, ಅಂಗಡಿಯಿಂದ ತಂದದ್ದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಹೆಸರು, ಪ್ರಮಾಣ, ಹೊತ್ತು ಸಹಿತ ಬರೆಯುವುದು. ಮುಂದಿನ ಬಾರಿ ವೈದ್ಯರ ಬಳಿಗೆ ಹೋಗುವಾಗ ಆ ಹಾಳೆಯನ್ನು ಕೊಂಡೊಯ್ದು, 'ಇವೆಲ್ಲ ಒಟ್ಟಿಗೆ ಆಗಬಹುದೇ?' ಎಂದು ಕೇಳುವುದು. ಅವರನ್ನು ಕೇಳದೆ ಯಾವ ಮದ್ದನ್ನೂ ನಿಲ್ಲಿಸಬಾರದು. ಆ ಹಾಳೆ ಬರೆಯುವಾಗ ಅಜ್ಜಿಯ ಕೈ ಹಿಡಿದು ಕೂರಲು ಇಷ್ಟವಾದ ಮಗು, ಬಹುಶಃ, ಈ ಹಾದಿಗೆ ತಕ್ಕ ಮಗು.