ಒಂದೇ ಕೋಣೆಗೆ ಎರಡು ಗುಲಾಬಿ

ಗೋಡೆಗೆ ಬಳಿಯುವ ಗುಲಾಬಿ ಬಣ್ಣದಲ್ಲಿ ಬಹುಪಾಲು ಬಿಳಿಯೇ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಮೇಲೆ ಬಿದ್ದ ಬೆಳಕನ್ನು ಚೆದುರಿಸಿ ಮರಳಿಸುತ್ತದೆ. ಪೇಂಟ್ ಅಂಗಡಿಯ ಟಿಂಟಿಂಗ್ ಯಂತ್ರ ಬಿಳಿ ಬೇಸ್ ತುಂಬಿದ ಡಬ್ಬಿಗೆ ಸ್ಟೇನರ್ ಎಂಬ ಕೆಂಪು ಬಣ್ಣದ ದ್ರವವನ್ನು ಮಿಲಿಲೀಟರ್ ಲೆಕ್ಕದಲ್ಲಿ ಇಳಿಸುತ್ತದೆ. ನಡುವೆ ಮಡುಗಟ್ಟಿದ ಆ ಕೆಂಪು, ಶೇಕರ್‌ನಲ್ಲಿ ಕುಲುಕಿದ ಮೇಲೆ ಡಬ್ಬಿಯಿಡೀ ಹರಡುತ್ತದೆ. ಗುಲಾಬಿಯ ಗುಣವನ್ನು ನಿರ್ಧರಿಸುವುದು ಆ ಸ್ಟೇನರ್.

ಒಂದು ಬಗೆಯ ಸ್ಟೇನರಿನಲ್ಲಿರುವುದು ಕಬ್ಬಿಣದ ಆಕ್ಸೈಡ್. ಕೆಮ್ಮಣ್ಣಿಗೆ, ಕರಾವಳಿಯ ದೇವಸ್ಥಾನಗಳ ಕಾವಿ ಚಿತ್ರಗಳಿಗೆ ಕೆಂಪು ಕೊಟ್ಟದ್ದೂ ಇದೇ. ಇದು ನೀಲಿ, ಹಸಿರು ಎರಡನ್ನೂ ಹೀರಿ, ಸುಮಾರು 580 ನ್ಯಾನೋಮೀಟರ್‌ನಿಂದಾಚೆಯ ಹಳದಿ, ಕಿತ್ತಳೆ, ಕೆಂಪು ಬೆಳಕನ್ನು ಮರಳಿಸುವುದರಿಂದ ಗುಲಾಬಿ ತುಸು ಇಟ್ಟಿಗೆಯ ಕಡೆಗೆ ವಾಲುತ್ತದೆ. ಬಿಸಿಲಿಗಾಗಲಿ ಸುಣ್ಣದ ಕ್ಷಾರಕ್ಕಾಗಲಿ ಜಗ್ಗುವುದಿಲ್ಲ.

ಇನ್ನೊಂದು ಕ್ವಿನಾಕ್ರಿಡೋನ್, 1958ರಲ್ಲಿ ಡುಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ಕೃತಕ ವರ್ಣದ್ರವ್ಯ. ಇದು ಮುಖ್ಯವಾಗಿ ಹಸಿರನ್ನು ಹೀರುತ್ತದೆ. ಕೆಂಪಿನ ಜೊತೆ ನೀಲಿಯ ಒಂದು ಪಾಲೂ ಮರಳುತ್ತದೆ. ಸಿಗುವುದು ತಿಳಿಗೊಳಿಸಿದ ರಾಣಿ ಬಣ್ಣ.

ಸ್ಪೆಕ್ಟ್ರೋಫೋಟೋಮೀಟರ್ 400ರಿಂದ 700 ನ್ಯಾನೋಮೀಟರ್‌ವರೆಗೆ 10ರ ಅಂತರದಲ್ಲಿ 31 ಕಡೆ ಅಳೆದು ಈ ಭೇದವನ್ನು ಅಂಕಿಗಿಳಿಸುತ್ತದೆ. ಕೆಂಪು–ಹಸಿರು ಅಕ್ಷದಲ್ಲಿ ಎರಡೂ ಒಂದೇ ಕಡೆ ನಿಲ್ಲಬಹುದು. ಹಳದಿ–ನೀಲಿ ಅಕ್ಷದಲ್ಲಿ ಮಾತ್ರ ಮೊದಲನೆಯದು ಹಳದಿಯ ಕಡೆಗೆ, ಎರಡನೆಯದು ನೀಲಿಯ ಕಡೆಗೆ ಸೇರುತ್ತದೆ.

ಈ ಅಂತರವನ್ನು ದೀಪ ಹಿಗ್ಗಿಸಲೂಬಹುದು, ಕುಗ್ಗಿಸಲೂಬಹುದು. 2700 ಕೆಲ್ವಿನ್‌ನ ಹಳದಿ ಬಲ್ಬಿನಲ್ಲಿ ನೀಲಿ ಕಡಿಮೆ. ಇಲ್ಲದ ನೀಲಿಯನ್ನು ಗೋಡೆ ಮರಳಿಸುವುದೆಲ್ಲಿಂದ? ರಾಣಿ ಛಾಯೆ ಅಡಗಿ ಎರಡು ಗೋಡೆಗಳೂ ಹತ್ತಿರ ಬರುತ್ತವೆ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಟ್ಯೂಬ್ ಹಾಕಿದರೆ, ಅಥವಾ ಉತ್ತರದ ಕಿಟಕಿಯಿಂದ ಆಕಾಶದ ಬೆಳಕು ಬಂದರೆ, ಎರಡನೆಯದು ನೇರಳೆಗೆ ತಿರುಗುತ್ತದೆ.

ಶೇಡ್ ಕಾರ್ಡಿನ ಪುಟ್ಟ ಚೌಕವನ್ನು ನಂಬಿ ಇಡೀ ಕೋಣೆಗೆ ಬಣ್ಣ ಆರಿಸುವುದು ಸರಿಯಲ್ಲ. ಕೋಣೆಯಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಕೆಂಪಿನ ಶೇಕಡಾ 80, ಹಸಿರಿನ ಶೇಕಡಾ 60 ಮರಳಿಸುವ ಗೋಡೆಗಳಿದ್ದರೆ, ಎರಡು ಸಲ ಪುಟಿದ ಬೆಳಕಿನಲ್ಲಿ ಉಳಿಯುವುದು ಕೆಂಪು 64, ಹಸಿರು 36. ಹೀಗಾಗಿ ನಾಲ್ಕೂ ಗೋಡೆಗೆ ಬಳಿದ ಗುಲಾಬಿ ಕಾರ್ಡಿನಲ್ಲಿದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಶೇಡ್ ಆರಿಸಿ, ಮೂಲೆಯ ಎರಡೂ ಮಗ್ಗುಲಿಗೆ ಎರಡು ಕೋಟ್ ಬಳಿದು, ಒಣಗಿದ ಮೇಲೆ ಹಗಲಲ್ಲೂ ರಾತ್ರಿಯ ದೀಪದಲ್ಲೂ ನೋಡಬೇಕು.