ಬ್ಯಾಗಿನ ತಳದಲ್ಲಿರುವ ಖಾರ

ಮಗಳು ಮಣಿಪಾಲದ ಹಾಸ್ಟೆಲಿಗೆ ಹೊರಟಳೆಂದರೆ ಬಕೆಟ್ಟು, ಚಾದರ, ಮಾವಿನಮಿಡಿ ಉಪ್ಪಿನಕಾಯಿಯ ಜೊತೆಗೆ ಈಗೀಗ ಪೆಪ್ಪರ್ ಸ್ಪ್ರೇಯ ಪುಟ್ಟ ಡಬ್ಬಿಯೂ ಹೊರಡುವುದುಂಟು. 2013ರ ಜೂನ್‌ನಲ್ಲಿ, ರಾತ್ರಿ ಗ್ರಂಥಾಲಯದಿಂದ ಮರಳುತ್ತಿದ್ದ ವೈದ್ಯಕೀಯ ವಿದ್ಯಾರ್ಥಿನಿಯನ್ನು ಅಪಹರಿಸಿ ಸಾಮೂಹಿಕ ಅತ್ಯಾಚಾರ ನಡೆಸಿದ್ದು ಇದೇ ಮಣಿಪಾಲದಲ್ಲಿ. ಹೆತ್ತವರ ಆತಂಕಕ್ಕೆ ಕಾರಣವಿದೆ. ಆದರೆ ಒಮ್ಮೆಯೂ ಒತ್ತಿ ನೋಡದೆ ಪುಸ್ತಕಗಳ ಅಡಿಯಲ್ಲಿ ಹುಗಿದಿಟ್ಟ ಡಬ್ಬಿ ತಾಯಿತಕ್ಕಿಂತ ಹೆಚ್ಚಿನದೇನೂ ಅಲ್ಲ.

ಹೆಸರು ಪೆಪ್ಪರ್ ಆದರೂ ಒಳಗಿರುವುದು ಒಳ್ಳೆಮೆಣಸಲ್ಲ, ಕೆಂಪು ಮೆಣಸಿನಿಂದ ತೆಗೆದ ಎಣ್ಣೆಯಂಥ ಸಾರ. (ಬ್ಯಾಡಗಿ ಮೆಣಸು ಇದಕ್ಕೆ ಒಗ್ಗದು, ಅದರ ಖ್ಯಾತಿಯೆಲ್ಲ ಬಣ್ಣಕ್ಕೆ.) ಅದರಲ್ಲಿನ ಕ್ಯಾಪ್ಸೈಸಿನ್ ಎಂಬ ವಸ್ತು, ಬಿಸಿ ತಾಗಿದಾಗ ಎಚ್ಚರಿಸುವ ನರಗಳನ್ನೇ ಕೆರಳಿಸುತ್ತದೆ. ಈ ಗುಟ್ಟನ್ನು ಬಿಡಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾಲು ದೊರೆಯಿತು. ಮುಖಕ್ಕೆ ಬಿದ್ದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ, ಕೆಮ್ಮು ಒತ್ತರಿಸುತ್ತದೆ. ಉರಿ ಅರ್ಧ ಗಂಟೆಯಾದರೂ ಇರುತ್ತದೆ. ಹಾಗೆಂದು ಎಲ್ಲರೂ ಕುಸಿದು ಬೀಳುವುದಿಲ್ಲ. ಕಣ್ಣುಮುಚ್ಚಿಯೇ ಕೈಚಾಚುವವರೂ ಇದ್ದಾರೆ. ಡಬ್ಬಿ ಕೊಡುವುದು ಓಡಲು ಬೇಕಾದ ಕೆಲವು ಕ್ಷಣಗಳನ್ನು, ಅಷ್ಟೇ.

ಕರಾವಳಿಯಲ್ಲಿ ಗಾಳಿಯ ಲೆಕ್ಕವೂ ಬೇಕು. ಕಾಪುವಿನ ದೀಪಸ್ತಂಭದ ಬಳಿ ಸಂಜೆ ಕಡಲಗಾಳಿ ಪಡುವಣದಿಂದ ಬೀಸುತ್ತಿರುವಾಗ ಕಡಲಿಗೆ ಮುಖಮಾಡಿ ಸಿಂಪಡಿಸಿದರೆ ಖಾರ ಹಿಂದಿರುಗಿ ಸಿಂಪಡಿಸಿದವಳ ಕಣ್ಣಿಗೇ ಬರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಗಾಳಿಯನ್ನು ಬೆನ್ನಿಗೆ ಪಡೆಯುವುದು ರೂಢಿಯಾಗಬೇಕು. ಉಡುಪಿಯಿಂದ ಕಾರ್ಕಳಕ್ಕೆ ಹೊರಟ, ಕಾಲಿಡಲೂ ಜಾಗವಿಲ್ಲದ ಸಂಜೆಯ ಬಸ್ಸಿನಲ್ಲಂತೂ ಡಬ್ಬಿ ತೆಗೆಯಲೇಬಾರದು. ಕೀಟಲೆ ಮಾಡಿದವನ ಜೊತೆ ಮಗುವಿಗೂ ದಮ್ಮಿನ ಅಜ್ಜಿಗೂ ಉಸಿರು ಕಟ್ಟೀತು. ಚಾಲಕನ ಕಣ್ಣಿಗೆ ಬಿದ್ದರೆ ಗತಿಯೇನು? ಅಲ್ಲಿ ಗಟ್ಟಿ ದನಿಯೇ ಮೇಲು, ಕಂಡಕ್ಟರನ ಸೀಟಿಯೂ ಇದೆ.

ಕಾನೂನಿನ ಮಾತೂ ತಿಳಿದಿರಲಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನಲ್ಲ. 2024ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದೇ ಕರೆಯಿತು. ಮೇಲ್ನೋಟಕ್ಕೆ ಪ್ರಾಣಭಯವಿರಲಿಲ್ಲವೆಂದು ಮೊಕದ್ದಮೆ ರದ್ದುಪಡಿಸಲು ಒಪ್ಪಲಿಲ್ಲ. ಜಗಳದಲ್ಲಿ ಸಿಟ್ಟಿಗೆ ಸಿಂಪಡಿಸುವುದು, ಗೆಳತಿಯರನ್ನು ಹೆದರಿಸಲು ಒತ್ತುವುದು ಹುಡುಗಾಟವಾಗಿ ಉಳಿಯುವುದಿಲ್ಲ.

ಆದ್ದರಿಂದ ಕೊಟ್ಟು ಕಳಿಸುವ ಮೊದಲು ಅಪ್ಪ–ಅಮ್ಮ ಮಗಳನ್ನು ಬಯಲಿಗೆ ಕರೆದೊಯ್ದು ಒಮ್ಮೆ ಒತ್ತಿಸಿ ನೋಡಲಿ. ಮುಚ್ಚಳ ಕತ್ತಲಲ್ಲೂ ಬೆರಳಿಗೆ ತಿಳಿಯಬೇಕು. ಅವಧಿ ಮುಗಿಯುವ ದಿನಾಂಕ ಡಬ್ಬಿಯ ಮೇಲೆಯೇ ಇರುತ್ತದೆ. ನಿಜಕ್ಕೂ ಬಳಸಬೇಕಾಗಿ ಬಂದರೆ, ಪರಿಣಾಮ ನೋಡುತ್ತ ನಿಲ್ಲದೆ ಬೆಳಕು, ಜನ ಇರುವತ್ತ ಓಡಿ 112ಕ್ಕೆ ಕರೆಮಾಡಬೇಕು. ತನ್ನ ಮುಖಕ್ಕೂ ತಗುಲಿದ್ದರೆ ಉಜ್ಜಬಾರದು. ಧಾರಾಳ ತಣ್ಣೀರಿನಲ್ಲಿ ಕಣ್ಣು ತೊಳೆದು, ಚರ್ಮಕ್ಕೆ ಸಾಬೂನು ಹಚ್ಚಬೇಕು, ಬರೀ ನೀರಿಗೆ ಆ ಎಣ್ಣೆ ಬಿಡದು.

ಬೆಂಗಳೂರಿನ ಮೆಟ್ರೋದಲ್ಲಿ ಮಹಿಳೆಯರು ಇದನ್ನು ಒಯ್ಯಲು 2019ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು. ರಜೆಗೆಂದು ಮಂಗಳೂರಿನಿಂದ ವಿಮಾನ ಹತ್ತುವವಳ ಕೈಚೀಲದಲ್ಲಿ ಮಾತ್ರ ಇದು ಇರುವಂತಿಲ್ಲ.